ಎಂಟು ಕೆರೆಗಳ ಲೆಕ್ಕ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಉತ್ತರ ಪತ್ರಿಕೆಗಳ ಗತಿ ಏನಾಗುತ್ತದೆಂಬುದನ್ನು ಮೇಷ್ಟ್ರ ಮನೆಯ ಮಕ್ಕಳು ಚೆನ್ನಾಗಿ ಬಲ್ಲರು. ವರ್ಷಕ್ಕೆ ಎಂಟು ಲಕ್ಷದಷ್ಟು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೂ ಆರು ವಿಷಯ. ಲೆಕ್ಕ ಹಾಕಿದರೆ ಅರ್ಧ ಕೋಟಿಯ ಹತ್ತಿರ ಬರುತ್ತದೆ. ದಿನಕ್ಕೆ ಮೂವತ್ತು ಪತ್ರಿಕೆಯಂತೆ ಒಬ್ಬರೇ ಮೇಷ್ಟ್ರು ತಿದ್ದಲು ಕೂತರೆ ನಾಲ್ಕು ಶತಮಾನ ದಾಟಿದರೂ ಫಲಿತಾಂಶ ಹೊರಬೀಳದು. ಆದ್ದರಿಂದ ಪತ್ರಿಕೆಗಳನ್ನು ಕಟ್ಟು ಕಟ್ಟಾಗಿ ಹಂಚುತ್ತಾರೆ. ಊರೂರಿನ ಕೇಂದ್ರಗಳಲ್ಲಿ ಸಾವಿರಾರು ಮೇಷ್ಟ್ರುಗಳು ಏಕಕಾಲಕ್ಕೆ ತಿದ್ದುತ್ತಾರೆ. ಕೊನೆಗೆ ಅಂಕಗಳೆಲ್ಲ ಆಯಾ ನೋಂದಣಿ ಸಂಖ್ಯೆಯ ಮುಂದೆ ಬಂದು ಕೂರುತ್ತವೆ.

ಹಂಚುವುದು ಇಲ್ಲಿ ದೊಡ್ಡ ಕಷ್ಟವಲ್ಲ. ಎಲ್ಲರ ಕೈಯಲ್ಲೂ ಒಂದೇ ಮಾದರಿ ಉತ್ತರ ಇರಬೇಕು, ಯಾವ ಕಟ್ಟೂ ಬೀರುವಿನ ಹಿಂದೆ ಉಳಿಯಬಾರದು, ಒಂದೇ ಕಟ್ಟು ಎರಡು ಸಲ ಲೆಕ್ಕಕ್ಕೆ ಬರಬಾರದು, ಒಬ್ಬ ಮೇಷ್ಟ್ರಿಗೆ ಜ್ವರ ಬಂದರೆ ಅವರ ಪಾಲು ಇನ್ನೊಬ್ಬರಿಗೆ ಹೋಗಬೇಕು. ಇಷ್ಟೆಲ್ಲ ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬುದೇ ನಿಜವಾದ ತಲೆನೋವು. ಕಂಪ್ಯೂಟರ್ ಜಗತ್ತಿನಲ್ಲೂ ಇದೇ ಕೆಲಸವಿದೆ. ಇದೇ ತಲೆನೋವೂ ಇದೆ. ಒಂದು ಯಂತ್ರಕ್ಕೆ ಹೊರಲಾಗದಷ್ಟು ಮಾಹಿತಿಯನ್ನು ಹಲವು ಯಂತ್ರಗಳಿಗೆ ಹಂಚಿ ಏಕಕಾಲಕ್ಕೆ ಸಂಸ್ಕರಿಸುವುದಕ್ಕೆ ಸಮಾಂತರ ಸಂಸ್ಕರಣೆ ಎನ್ನುತ್ತಾರೆ. ಹಾಗೆ ಜೊತೆಗೂಡಿದ ಯಂತ್ರಗಳ ಗುಂಪಿಗೆ ಕ್ಲಸ್ಟರ್ ಎಂದು ಹೆಸರು.

ನಮ್ಮ ಊರಿಗೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲೇ ಯು.ಎನ್. ಸಿನ್ಹಾ ಮತ್ತು ಸಂಗಡಿಗರು 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ಕಟ್ಟಿದ್ದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ 'ಪರಮ್ 8000' ಬಂದದ್ದು 1991ರಲ್ಲಿ. ಯಶವಂತಪುರಕ್ಕೆ ಅಂಟಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 'ಪರಮ್ ಪ್ರವೇಗ' ನೆಲೆಗೊಂಡಿತು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸೆಕೆಂಡಿಗೆ ಮೂವತ್ತಮೂರು ಕೋಟಿ ಕೋಟಿ ಲೆಕ್ಕ. ಇವೆಲ್ಲ ಆನೆ ಕಟ್ಟಿ ಸಾಕುವವರ ಮಾತು. ನಾನು ಹೇಳಹೊರಟಿರುವುದು ಮೇಕೆ ಸಾಕಿದ ಕಥೆ.

ಯಲಹಂಕದಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಅಧ್ಯಾಪಕಿ. 2018ರ ಜನವರಿಯಲ್ಲಿ ಎಂಟನೇ ಸೆಮಿಸ್ಟರಿನ ನಾಲ್ವರು ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ನನ್ನ ಬಳಿ ಬಂದರು: ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಪ್ರಯೋಗಾಲಯದಿಂದ ತೆಗೆದುಹಾಕಿದ್ದ ಎಂಟು ಹಳೆಯ ಕಂಪ್ಯೂಟರುಗಳು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದವು. ಅವನ್ನು ಒರೆಸಿ, ಒಂದು ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ತಂತಿ ಎಳೆದು ಕ್ಲಸ್ಟರ್ ಮಾಡುವುದೆಂದಾಯಿತು. ಕ್ಲಸ್ಟರಿನಲ್ಲಿ ಪ್ರತಿ ಯಂತ್ರಕ್ಕೂ ಹೆಸರಿರಬೇಕು. ಹುಡುಗರು ಸಿನಿಮಾ ನಟರ ಹೆಸರು ತೆಗೆದರು, ಜಗಳವಾಯಿತು. ಕೊನೆಗೆ ಉತ್ತರ ಬೆಂಗಳೂರಿನ ಕೆರೆಗಳ ಹೆಸರು ಎಲ್ಲರಿಗೂ ಒಪ್ಪಿಗೆಯಾಯಿತು. ಯಜಮಾನ ಯಂತ್ರ ಯಲಹಂಕ. ಕೆಲಸ ಮಾಡುವ ಏಳು ಯಂತ್ರಗಳು ಹೆಬ್ಬಾಳ, ಜಕ್ಕೂರು, ರಾಚೇನಹಳ್ಳಿ, ಅಲ್ಲಾಳಸಂದ್ರ, ಪುಟ್ಟೇನಹಳ್ಳಿ, ದೊಡ್ಡಬೊಮ್ಮಸಂದ್ರ, ನಾಗವಾರ. ಅಂದಿನಿಂದ ನಮ್ಮ ಪ್ರಯೋಗಾಲಯದಲ್ಲಿ ಕೇಳಿಬರುತ್ತಿದ್ದ ಮಾತು ಬೇರೆಯೇ ಆಯಿತು. "ಮೇಡಂ, ಹೆಬ್ಬಾಳ ಬಿಸಿಯಾಗಿದೆ", "ನಾಗವಾರ ಮಾತಾಡ್ತಿಲ್ಲ", "ಜಕ್ಕೂರು ತುಂಬಿಹೋಯ್ತು" ಎಂದೆಲ್ಲ ಕೇಳಿ ಹೊರಗಿನವರು ಇದು ಜಲಮಂಡಳಿಯ ಕಚೇರಿಯೋ ಎಂದುಕೊಳ್ಳಬೇಕು.

ತಂತ್ರಾಂಶವಾಗಿ ಆರಿಸಿಕೊಂಡದ್ದು ಹಡೂಪ್. 2004ರಲ್ಲಿ ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ 'ಮ್ಯಾಪ್‌ರೆಡ್ಯೂಸ್' ಎಂಬ ವಿಧಾನವನ್ನು ಲೇಖನವಾಗಿ ಪ್ರಕಟಿಸಿದರು. ಅದರ ಜಾಡು ಹಿಡಿದು 2006ರಲ್ಲಿ ಹೊರಬಂದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ತಂತ್ರಾಂಶವೇ ಹಡೂಪ್. ಅದನ್ನು ಬರೆದವರಲ್ಲಿ ಮುಖ್ಯನಾದ ಡಗ್ ಕಟಿಂಗ್‌ನ ಪುಟ್ಟ ಮಗ ತನ್ನ ಹಳದಿ ಗೊಂಬೆಯಾನೆಯನ್ನು ಕರೆಯುತ್ತಿದ್ದ ಹೆಸರು ಅದು. ಅದರ ಕೆಲಸದ ರೀತಿ ಮೌಲ್ಯಮಾಪನ ಕೇಂದ್ರದ್ದೇ. ದೊಡ್ಡ ಕಡತವನ್ನು 128 ಮೆಗಾಬೈಟಿನ ತುಂಡುಗಳಾಗಿ ಕತ್ತರಿಸುತ್ತದೆ. ಯಂತ್ರ ಕೆಡುವುದು ಸಹಜವೆಂದು ಮೊದಲೇ ಒಪ್ಪಿಕೊಂಡು, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಆಯಾ ಯಂತ್ರ ತನ್ನಲ್ಲಿರುವ ತುಂಡಿನ ಲೆಕ್ಕ ಮಾಡುತ್ತದೆ. ಆಮೇಲೆ ಉತ್ತರಗಳನ್ನು ಒಟ್ಟುಗೂಡಿಸಲಾಗುತ್ತದೆ.

ಲೆಕ್ಕಕ್ಕೆ ವಿಷಯ ಬೇಕಲ್ಲ? ಯಲಹಂಕದ ಅಟ್ಟೂರು ಬಡಾವಣೆಯ ಬಳಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅದು ಇರಿಸಿದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ಅದನ್ನೇ ಮಾದರಿಯಾಗಿಟ್ಟುಕೊಂಡು ನಾವು ನಕಲಿ ಮಳೆ ಸುರಿಸಿದೆವು. ಆರು ಸಾವಿರ ಮಾಪಕ, ದಿನಕ್ಕೆ 96 ಅಳತೆ, 365 ದಿನ: ಒಟ್ಟು 21,02,40,000 ಸಾಲು. ಎಂಟು ಗಿಗಾಬೈಟಿಗೂ ಮೇಲ್ಪಟ್ಟ ಕಡತ. ಹೋಬಳಿವಾರು ಸರಾಸರಿ ಮಳೆ ಎಷ್ಟು ಎಂಬುದೇ ಪ್ರಶ್ನೆ.

ಯಂತ್ರಗಳನ್ನು ಹದಗೊಳಿಸುವುದರಲ್ಲೇ ತಿಂಗಳು ಕಳೆಯಿತು. ಮೊದಲ ದಿನ ಯಲಹಂಕ ಎದ್ದು ಕೂತಿತು, ಉಳಿದ ಏಳೂ ಎದ್ದವು. ಆದರೆ ಒಂದಕ್ಕೊಂದು ಗುರುತೇ ಹತ್ತಲಿಲ್ಲ. ಪ್ರತಿ ಯಂತ್ರದೊಳಗೂ ಟೆಲಿಫೋನ್ ಡೈರೆಕ್ಟರಿಯಂಥ ಒಂದು ಪುಟ್ಟ ಕಡತವಿರುತ್ತದೆ. ಯಾವ ಹೆಸರಿಗೆ ಯಾವ ವಿಳಾಸ ಎಂಬುದು ಅದರಲ್ಲಿ ಬರೆದಿರುತ್ತದೆ. ನಮ್ಮ ಯಂತ್ರಗಳಲ್ಲಿ ಸ್ವಂತ ಹೆಸರಿನ ಮುಂದೆ 'ಇಲ್ಲೇ, ನಾನೇ' ಎಂಬರ್ಥದ ಒಳವಿಳಾಸವನ್ನು ಲಿನಕ್ಸ್ ತಾನಾಗಿ ಬರೆದಿಟ್ಟಿತ್ತು. ಹಾಗಾಗಿ ಯಲಹಂಕ ಬಾಗಿಲು ತೆರೆದು ಕೂತದ್ದು ತನ್ನ ಮನೆಯ ಒಳಗೋಡೆಗೆ. "ನಿಮ್ಮನೆ ಎಲ್ಲಿ?" ಎಂದರೆ "ನಮ್ಮನೇಲೇ ಇದೆ" ಎನ್ನುವ ಮಗುವಿನ ಹಾಗೆ. ಆ ಒಂದು ಸಾಲು ಹುಡುಕಲು ಮೂರು ದಿನ ಹಿಡಿಯಿತು.

ಆಮೇಲೆ ನೆನಪಿನ ಸಮಸ್ಯೆ. ಪ್ರತಿ ಯಂತ್ರಕ್ಕೂ ಎಂಟು ಗಿಗಾಬೈಟ್ ಸ್ಮೃತಿಯಿದೆಯೆಂದು ಹಡೂಪ್ ತನ್ನಷ್ಟಕ್ಕೆ ಭಾವಿಸಿಕೊಳ್ಳುತ್ತದೆ. ನಮ್ಮವಕ್ಕೆ ಇದ್ದದ್ದು ನಾಲ್ಕೇ. ಹೊರಲಾರದ ಹೊರೆ ಹೊತ್ತು ಅವು ಏದುಸಿರು ಬಿಡತೊಡಗಿದವು. ಹೊಸಬರಿಗೆ ಇಲ್ಲೊಂದು ಮಾತು ಹೇಳಬೇಕು. ತಂತ್ರಾಂಶದ ಜೊತೆ ಬರುವ ಅಂಕಿಗಳು ಯಾರದೋ ಯಂತ್ರಕ್ಕೆ ಹೊಲಿದ ಅಂಗಿ. ನಮ್ಮ ಮೈ ಅಳತೆ ನಾವೇ ತೆಗೆಯಬೇಕು. ಗಡಿಯಾರಗಳದ್ದು ಇನ್ನೊಂದು ತಕರಾರು. ಜಕ್ಕೂರು ಹನ್ನೊಂದು ಗಂಟೆ ಎಂದರೆ ರಾಚೇನಹಳ್ಳಿ ಹತ್ತೂಮುಕ್ಕಾಲು ಎನ್ನುತ್ತಿತ್ತು. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂದು ವರದಿ ಓದಿ ತಿಳಿಯುವುದೇ ಅಸಾಧ್ಯವಾಯಿತು. ಎಲ್ಲ ಯಂತ್ರಗಳೂ ಒಂದೇ ಗಡಿಯಾರ ನೋಡುವಂತೆ ಮಾಡಿದ ಮೇಲೆಯೇ ನೆಮ್ಮದಿ.

ಈ ಸಮಯದಲ್ಲೇ ಒಂದು ದಿನ ಗುಂಪಿನ ಒಬ್ಬ ಹುಡುಗಿಯ ತಂದೆ ಬಂದರು. ಯಶವಂತಪುರ ಮಾರುಕಟ್ಟೆ ಯಾರ್ಡಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವರು. ಬೆಳಗಿನ ಜಾವದಿಂದ ಕೆಲಸ ಮಾಡಿ ಕಣ್ಣು ಕೆಂಪಗಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, "ಬೇಜಾರು ಮಾಡ್ಕೋಬೇಡಿ ಮೇಡಂ, ಒಂದು ಮಾತು ಕೇಳಬೇಕಿತ್ತು" ಎಂದರು. ಆರ್.ಟಿ. ನಗರದ ಕಡೆ ಒಂದು ತರಬೇತಿ ಸಂಸ್ಥೆಯವರು ಇದೇ ವಿದ್ಯೆಯನ್ನು ಮೂರು ತಿಂಗಳಲ್ಲಿ ಕಲಿಸಿ, ಕೆಲಸವನ್ನೂ ಖಾತ್ರಿಯಾಗಿ ಕೊಡಿಸುವುದಾಗಿ ಹೇಳಿದ್ದರಂತೆ. ಶುಲ್ಕ ಲಕ್ಷದ ಮೇಲೆ. ತಿಂಗಳ ಕೊನೆಯೊಳಗೆ ಕಟ್ಟಿದರೆ ರಿಯಾಯಿತಿ. ಹೆಂಡತಿಯ ಎರಡೆಳೆ ಸರವನ್ನು ಒತ್ತೆ ಇಡಲು ಮನಸ್ಸು ಮಾಡಿಕೊಂಡೇ ಬಂದಿದ್ದರು. "ಕಟ್ಟಲೋ ಬೇಡವೋ, ನೀವು ಹೇಳಿದಂಗೆ" ಎಂದರು.

ಅಧ್ಯಾಪಕರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆಯಿಲ್ಲ. ಬೇಡವೆಂದು ನಾಳೆ ಕೆಲಸ ಸಿಗದಿದ್ದರೆ ಆ ಮಾತು ನನ್ನ ಮೇಲೆ. ಕಟ್ಟಿ ಎಂದರೆ ಆ ಸರ ನನ್ನ ಮೇಲೆ. ಅವರು ಕಲಿಸುತ್ತೇವೆಂದ ಪಟ್ಟಿಯನ್ನು ಕೇಳಿ ನೋಡಿದೆ. ತಂತ್ರಾಂಶಗಳ ಹೆಸರು ಮೂವತ್ತಿದ್ದವು. ಬಂದ ಉತ್ತರ ಸರಿಯೇ ಎಂದು ಪರೀಕ್ಷಿಸುವುದು ಹೇಗೆಂಬ ಪಾಠ ಒಂದೂ ಇರಲಿಲ್ಲ. "ಇನ್ನು ಎರಡು ವಾರ ಬಿಟ್ಟು ಒಂದು ಶನಿವಾರ ಬನ್ನಿ. ನಿಮ್ಮ ಮಗಳು ಏನು ಮಾಡುತ್ತಿದ್ದಾಳೆಂದು ಕಣ್ಣಾರೆ ನೋಡಿ. ಆಮೇಲೆ ನೀವೇ ತೀರ್ಮಾನಿಸಿ" ಎಂದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ; ಆದರೂ ಒಪ್ಪಿದರು.

ಅಷ್ಟರಲ್ಲಿ ಕೆರೆಗಳು ಕೆಲಸ ಶುರುಮಾಡಿದ್ದವು. ಹುಡುಗರು ಹೋಬಳಿ ಸರಾಸರಿಯ ಪ್ರೋಗ್ರಾಂ ಬರೆದರು. ಇಪ್ಪತ್ತು ಸಾಲಿನ ಪುಟ್ಟ ಕಡತ ಕೊಟ್ಟು, ಕಾಗದದ ಮೇಲೆ ಕೈಯಿಂದ ಮಾಡಿದ ಲೆಕ್ಕಕ್ಕೆ ತಾಳೆ ನೋಡಿದರು, ಸರಿಯಿತ್ತು. ಪೂರ್ತಿ ಇಪ್ಪತ್ತೊಂದು ಕೋಟಿ ಸಾಲು ಕೊಟ್ಟರು, ಉತ್ತರ ಬಂತು. ಸಂಭ್ರಮವೋ ಸಂಭ್ರಮ. ಆ ಹುಡುಗಿ ಮಾತ್ರ ಅದೇ ಕಡತವನ್ನು ಒಂದೇ ತುಂಡಾಗಿ, ಒಂದೇ ಯಂತ್ರದಲ್ಲಿ ರಾತ್ರಿ ಓಡಿಸಿಟ್ಟು ಹೋದಳು. ಬೆಳಿಗ್ಗೆ ನೋಡಿದರೆ ಎರಡು ಉತ್ತರಗಳಿಗೂ ತಾಳೆಯಿಲ್ಲ. ಒಂದೇ ಮಳೆ ಒಂದು ಕೆರೆಗೆ ಒಂದು ಲೆಕ್ಕ, ಏಳು ಕೆರೆಗೆ ಇನ್ನೊಂದು ಲೆಕ್ಕ ಕೊಡುವುದುಂಟೆ?

ತಪ್ಪು ಎಲ್ಲಿತ್ತೆಂದರೆ, ತಂತಿಯ ಮೇಲೆ ಹೊರೆ ಕಡಿಮೆಯಾಗಲೆಂದು ಪ್ರತಿ ಯಂತ್ರವೂ ತನ್ನ ತುಂಡಿನ ಸರಾಸರಿಯನ್ನಷ್ಟೇ ಕಳಿಸುತ್ತಿತ್ತು. ಕೊನೆಗೆ ಆ ಸರಾಸರಿಗಳ ಸರಾಸರಿ ತೆಗೆಯಲಾಗುತ್ತಿತ್ತು. ಪೋಷಕರು ಇದನ್ನು ಶಾಲೆಯ ಲೆಕ್ಕದಲ್ಲೇ ನೋಡಬಹುದು. ಎ ವಿಭಾಗದಲ್ಲಿ 60 ಮಕ್ಕಳು, ಸರಾಸರಿ 50 ಅಂಕ. ಬಿ ವಿಭಾಗದಲ್ಲಿ 20 ಮಕ್ಕಳು, ಸರಾಸರಿ 90. ಶಾಲೆಯ ಸರಾಸರಿ 70 ಎಂದು ಬಾಯಿಗೆ ಬರುತ್ತದೆ. ಒಟ್ಟು ಅಂಕ 4,800, ಮಕ್ಕಳು 80, ಸರಿಯಾದ ಉತ್ತರ 60. ಇಪ್ಪತ್ತು ಸಾಲಿನ ಕಡತದಲ್ಲಿ ಇದು ಏಕೆ ಕಾಣಲಿಲ್ಲ? ಅದು ಒಂದೇ ತುಂಡಿನಲ್ಲಿ ಹಿಡಿಸಿತ್ತು, ಅದಕ್ಕೇ. ಒಂದೇ ವಿಭಾಗವಿರುವ ಶಾಲೆಯಲ್ಲಿ ಈ ತಪ್ಪು ನಡೆಯುವುದೇ ಇಲ್ಲ. ಹುಡುಗಿ ಆ ಇಪ್ಪತ್ತು ಸಾಲನ್ನು ಹನ್ನೆರಡು, ಐದು, ಮೂರು ಎಂದು ಬೇಕೆಂದೇ ಏರುಪೇರಾಗಿ ಕತ್ತರಿಸಿ ಕೊಟ್ಟಳು. ತಪ್ಪು ತಕ್ಷಣ ತಲೆಯೆತ್ತಿತು. ಸಣ್ಣ ಲೆಕ್ಕವನ್ನೂ ದೊಡ್ಡ ಲೆಕ್ಕದ ಕಷ್ಟಕ್ಕೆ ಒಡ್ಡಿ ನೋಡಬೇಕೆಂಬುದು ಪುಸ್ತಕದಲ್ಲಿ ಸಿಗುವ ಪಾಠವಾದರೂ ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಪರಿಹಾರ ಬಂದದ್ದು ಮಂಡಿಯಿಂದ. ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಈ ಕಥೆ ಹೇಳಿದಳಂತೆ. ಅವರು ನಕ್ಕು, "ಅಲ್ಲಮ್ಮಾ, ಒಂದು ಕಾಟಾದಲ್ಲಿ ನಲವತ್ತು ಮೂಟೆ ತೂಗಿರ್ತಾರೆ, ಇನ್ನೊಂದರಲ್ಲಿ ಹತ್ತು. ಎರಡರ ಸರಾಸರಿ ಕೂಡಿಸಿ ಅರ್ಧ ಮಾಡಿದರೆ ಸಾಹುಕಾರರು ನನ್ನನ್ನ ಅವತ್ತೇ ಮನೆಗೆ ಕಳಿಸ್ತಾರೆ. ಚೀಟೀಲಿ ತೂಕಾನೂ ಇರಬೇಕು, ಮೂಟೆ ಎಷ್ಟು ಅಂತಾನೂ ಇರಬೇಕು" ಎಂದರಂತೆ. ಮ್ಯಾಪ್‌ರೆಡ್ಯೂಸ್ ಬಲ್ಲವರು ಹೇಳುವ ಪರಿಹಾರವೂ ಅಕ್ಷರಶಃ ಅದೇ. ಪ್ರತಿ ಯಂತ್ರ ಮೊತ್ತವನ್ನೂ ಎಣಿಕೆಯನ್ನೂ ಜೋಡಿಯಾಗಿ ಕಳಿಸಬೇಕು. ಭಾಗಾಕಾರ ಕೊನೆಯಲ್ಲಿ ಒಂದೇ ಸಲ.

ಮೂಟೆ ಎಣಿಸುವ ಈ ಅಭ್ಯಾಸ ಇನ್ನೊಂದು ತಪ್ಪನ್ನೂ ಹೊರಗೆಳೆಯಿತು. ಎಣಿಕೆಗಳನ್ನೆಲ್ಲ ಕೂಡಿದರೆ 21,02,40,000 ಬರಬೇಕಿತ್ತು, ಬಂದದ್ದು 21,02,39,994. ಆರು ಸಾಲು ಕಾಣೆ. "ಇಪ್ಪತ್ತೊಂದು ಕೋಟಿಯಲ್ಲಿ ಆರು ತಾನೇ ಮೇಡಂ, ಬಿಡಿ" ಎಂದ ಒಬ್ಬ ಹುಡುಗ. ಆರು ಮಕ್ಕಳ ಉತ್ತರ ಪತ್ರಿಕೆ ಕಾಣೆಯಾದರೆ ಬಿಡುತ್ತೀಯಾ ಎಂದು ಕೇಳಿದೆ, ಸುಮ್ಮನಾದ. ಎರಡು ದಿನ ಹುಡುಕಿದ ಮೇಲೆ ಕಳ್ಳ ಸಿಕ್ಕಿದ. ದೊಡ್ಡ ಕಡತ ಪೆನ್‌ಡ್ರೈವಿನಲ್ಲಿ ಹಿಡಿಸದೆ, ಅದನ್ನು ಗಾತ್ರದ ಲೆಕ್ಕದಲ್ಲಿ ಏಳು ಪಾಲಾಗಿ ಕತ್ತರಿಸಿ ತಂದಿದ್ದರು. ಏಳು ಪಾಲಿಗೆ ಆರು ಕತ್ತರಿ. ಪ್ರತಿ ಕತ್ತರಿಯೂ ಒಂದೊಂದು ಸಾಲಿನ ನಡುವೆ ಬಿದ್ದಿತ್ತು. ಅರ್ಧ ಸಾಲು ಕಂಡರೆ ಸದ್ದಿಲ್ಲದೆ ಎಸೆದುಬಿಡು ಎಂದು ಪ್ರೋಗ್ರಾಮಿನಲ್ಲಿ ಬರೆದಿತ್ತು. ಎಸೆದದ್ದನ್ನು ಎಣಿಸಿ ಹೇಳು ಎಂದು ತಿದ್ದಿದೆವು.

ಹೇಳಿದ ಶನಿವಾರ ಆಕೆಯ ತಂದೆ ಬಂದರು. ಅಂದಿನ ಪರೀಕ್ಷೆಗೆ ಮಗಳು ಒಂದು ಉಪಾಯ ಹೂಡಿದ್ದಳು. ಮಳೆಯ ಕಡತದೊಳಗೆ 'ಇಲ್ಲದೂರು' ಎಂಬ, ಭೂಪಟದಲ್ಲೇ ಇಲ್ಲದ ಹೋಬಳಿಯ ಹೆಸರಿನಲ್ಲಿ ಸರಿಯಾಗಿ ಸಾವಿರ ಸಾಲುಗಳನ್ನು ಅಲ್ಲಲ್ಲಿ ಚೆಲ್ಲಿದ್ದಳು. ಪ್ರತಿ ಸಾಲಿನಲ್ಲೂ ಏಳು ಮಿಲಿಮೀಟರ್ ಮಳೆ. ಕೊನೆಗೆ ಇಲ್ಲದೂರಿನ ಮುಂದೆ ಎಣಿಕೆ ಸಾವಿರ, ಮೊತ್ತ ಏಳು ಸಾವಿರ ಇರಲೇಬೇಕು. ಕಡಿಮೆ ಬಂದರೆ ಎಲ್ಲೋ ಸೋರಿದೆ. ಹೆಚ್ಚು ಬಂದರೆ ಎಲ್ಲೋ ಎರಡು ಸಲ ಎಣಿಸಿದೆ. ಇಲ್ಲಿ ಸರಾಸರಿಯನ್ನಷ್ಟೇ ನೋಡಿದರೆ ಅರ್ಧ ಸಾಲು ಕಳೆದರೂ ಏಳೇ ಬರುತ್ತದೆ, ಏನೂ ಗೊತ್ತಾಗುವುದಿಲ್ಲ. ಮೂಟೆ ಎಣಿಸುವವರಿಗೆ ಮಾತ್ರ ಗೊತ್ತಾಗುತ್ತದೆ.

ಕೆಲಸ ಶುರುವಾಯಿತು. ಪರದೆಯ ಮೇಲೆ ಶೇಕಡಾ ಎಪ್ಪತ್ತೊಂದು ಎಂದು ತೋರಿಸುವಾಗ ಹುಡುಗಿ ಎದ್ದುಹೋಗಿ ಹೆಬ್ಬಾಳದ ವಿದ್ಯುತ್ ತಂತಿಯನ್ನೂ ಜಾಲದ ತಂತಿಯನ್ನೂ ಕಿತ್ತುಬಿಟ್ಟಳು. ತಂದೆ ಗಾಬರಿಯಾಗಿ, "ಏಯ್, ಏನ್ ಮಾಡ್ತಿದ್ದೀಯಾ!" ಎಂದು ಎದ್ದು ನಿಂತರು. ಉಳಿದ ಯಂತ್ರಗಳು ತಮ್ಮ ಪಾಲು ಮುಗಿಸಿದವು. ಪರದೆ ಅಲ್ಲೇ ನಿಂತಿತು. ಕೆಲಸದ ಯಂತ್ರಗಳು ಕೆಲವೇ ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ಯಜಮಾನನಿಗೆ ಸುದ್ದಿ ಮುಟ್ಟಿಸುತ್ತಿರುತ್ತವೆ. ಸುದ್ದಿ ನಿಂತರೂ ಯಜಮಾನ ಸುಮಾರು ಹತ್ತು ನಿಮಿಷ ಕಾಯುತ್ತಾನೆ; ತಂತಿ ಸಡಿಲವಾಗಿರಬಹುದು, ಈಗ ಬಂದೀತು ಎಂದು. ಆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕ್ಯಾಂಟೀನಿನಿಂದ ತರಿಸಿದ್ದ ಕಾಫಿ ಆರಿತು. ಆಮೇಲೆ ಹೆಬ್ಬಾಳ ಇನ್ನಿಲ್ಲವೆಂದು ಯಲಹಂಕ ಘೋಷಿಸಿ, ಅದರ ಪಾಲನ್ನು ಜಕ್ಕೂರು, ನಾಗವಾರಗಳಿಗೆ ಹಂಚಿತು. ಎಪ್ಪತ್ತೆರಡು, ಎಪ್ಪತ್ತೈದು, ತೊಂಬತ್ತು. ಕೊನೆಗೆ ಪಟ್ಟಿ ಬಂತು. ಇಲ್ಲದೂರು: ಎಣಿಕೆ 1,000, ಮೊತ್ತ 7,000.

"ಕಿತ್ತರೂ ತಾಳೆಯಾಯ್ತಲ್ಲ!" ಎಂದರು ತಂದೆ. ಅವರ ಮುಖದಲ್ಲಿದ್ದದ್ದು ಒಬ್ಬ ಲೆಕ್ಕದವನು ಇನ್ನೊಬ್ಬ ಲೆಕ್ಕದವನ ಕೆಲಸ ನೋಡಿ ಮೆಚ್ಚುವ ಕಳೆ.

ಆಮೇಲೆ ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ಏಳು ಜನ ದುಡಿದರೆ ಏಳು ಪಟ್ಟು ಬೇಗ ಮುಗಿಯಬೇಕಲ್ಲವೇ? ಒಂದೇ ಯಂತ್ರ ನಲವತ್ತು ನಿಮಿಷ ತೆಗೆದುಕೊಂಡ ಲೆಕ್ಕವನ್ನು, ಯಾರೂ ತಂತಿ ಕೀಳದ ದಿನ, ಏಳು ಯಂತ್ರಗಳು ಒಂಬತ್ತು ನಿಮಿಷದಲ್ಲಿ ಮಾಡಿದ್ದವು; ಆರಕ್ಕಿಳಿಯಲಿಲ್ಲ. ಇದರ ಕಾರಣವನ್ನು ಜೀನ್ ಆಮ್‌ಡಾಲ್ 1967ರಲ್ಲೇ ಹೇಳಿದ್ದ. ಕೆಲಸದ ಹತ್ತನೇ ಒಂದು ಭಾಗ ಹಂಚಲಾಗದ್ದಾದರೆ, ಎಷ್ಟು ಯಂತ್ರ ತಂದರೂ ಹತ್ತು ಪಟ್ಟಿಗಿಂತ ವೇಗ ದಾಟದು. ಒಂದೇ ಒಂದು ಪುಟದ ಕಡತ ಕೊಟ್ಟರೆ ಏಳು ಯಂತ್ರಗಳು ಒಂದಕ್ಕಿಂತ ನಿಧಾನ. ಹಂಚುವ ಗಲಾಟೆಯಲ್ಲೇ ಹೊತ್ತು ಹೋಗುತ್ತದೆ. ಇಬ್ಬರ ಊಟಕ್ಕೆ ಏಳು ಜನ ಅಡಿಗೆಯವರನ್ನು ಕರೆಸಿದ ಹಾಗೆ.

ಇಲ್ಲದೂರಿನ ಉಪಾಯವನ್ನು ಆ ಹುಡುಗಿ ತಾನೇ ಕಂಡುಕೊಂಡಳು. ಆದರೆ ಅದೇ ಉಪಾಯವನ್ನು ದೇಶದ ಬಲು ದೊಡ್ಡ ಲೆಕ್ಕವೊಂದರಲ್ಲಿ ಬಳಸಿದ್ದುಂಟು, ಮತ್ತು ಅದರ ವಿಳಾಸ ನಮ್ಮ ಕಾಲೇಜಿನಿಂದ ಹೆಬ್ಬಾಳಕ್ಕೆ ಬರುವ ದಾರಿಯಲ್ಲೇ ಇದೆ. ಕೊಡಿಗೇಹಳ್ಳಿಯ ಟಾಟಾ ನಗರದಲ್ಲಿ ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರವಿದೆ. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಗ್ರಾಮದಲ್ಲಿ, 2010ರ ಸೆಪ್ಟೆಂಬರ್ 29ರಂದು. 2016ರ ಏಪ್ರಿಲ್ ಹೊತ್ತಿಗೆ ನೂರು ಕೋಟಿ ದಾಟಿತು. ಒಬ್ಬರಿಗೆ ಒಂದೇ ಸಂಖ್ಯೆ ಇರಬೇಕಾದರೆ, ಹೊಸದಾಗಿ ಬಂದ ಪ್ರತಿಯೊಬ್ಬರ ಬೆರಳಚ್ಚು, ಕಣ್ಣಪಾಪೆಗಳನ್ನು ಈಗಾಗಲೇ ಇರುವ ಎಲ್ಲರ ಜೊತೆ ಹೋಲಿಸಬೇಕು. ಅರವತ್ತು ಕೋಟಿ ಜನ ಸೇರಿದ ಮೇಲೆ ದಿನಕ್ಕೆ ಹತ್ತು ಲಕ್ಷ ಹೊಸಬರು ಬಂದರೆ ಆರು ಕೋಟಿ ಕೋಟಿ ಹೋಲಿಕೆ. ಅದೂ ಒಂದೇ ದಿನದಲ್ಲಿ. ನೂರಾರು ಯಂತ್ರಗಳಿಗೆ ಹಂಚದೆ ಇದು ಸಾಧ್ಯವಿಲ್ಲ. ಒಂದೇ ಕೆಲಸಕ್ಕೆ ಮೂರು ಬೇರೆ ಬೇರೆ ಕಂಪನಿಗಳ ಹೋಲಿಕೆ ತಂತ್ರಾಂಶಗಳನ್ನು ಪ್ರಾಧಿಕಾರ ಇಟ್ಟುಕೊಂಡಿತ್ತು.

ಅದು ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ಹೇಗೆ ನೋಡಿದರು? 2012ರ ಜನವರಿಯಲ್ಲಿ ಪ್ರಾಧಿಕಾರ ಪ್ರಕಟಿಸಿದ ವರದಿಯಲ್ಲಿ ಇದರ ವಿವರವಿದೆ. ಎರಡನೇ ಸಲ ನೋಂದಾಯಿಸಿದವರೆಂದು ಮೊದಲೇ ಖಚಿತವಾಗಿದ್ದ 31,399 ದಾಖಲೆಗಳನ್ನು 8.4 ಕೋಟಿ ಜನರ ದಾಖಲೆಗಳ ಎದುರು ಬಿಟ್ಟು ನೋಡಿದರು. 31,388 ಸಿಕ್ಕಿಬಿದ್ದವು, 11 ತಪ್ಪಿಸಿಕೊಂಡವು. ನಮ್ಮ ಸಾವಿರ ಸಾಲಿನ ಇಲ್ಲದೂರಿನ ಹಾಗೆಯೇ, ಉತ್ತರ ಗೊತ್ತಿರುವ ಪ್ರಶ್ನೆ ಅದು. ಇನ್ನೊಂದು ಪರೀಕ್ಷೆ ಇದರ ಮಗ್ಗುಲಿನದು. ನಿಜವಾಗಿಯೂ ಹೊಸಬರಾದ 40 ಲಕ್ಷ ಜನರ ದಾಖಲೆ ಕೊಟ್ಟಾಗ 2,309 ಮಂದಿಯನ್ನು 'ಇವರು ಮೊದಲೇ ಇದ್ದಾರೆ' ಎಂದು ತಪ್ಪಾಗಿ ತೋರಿಸಿತು. ಶೇಕಡಾ 0.057. ಕೇಳಲು ಪುಡಿ ಲೆಕ್ಕ. ಆದರೆ ಒಂದು ಕೋಟಿ ಜನಕ್ಕೆ ಅದು 5,700 ಮನುಷ್ಯರು. ಅವರ ದಾಖಲೆಗಳನ್ನು ಸಿಬ್ಬಂದಿ ಕೂತು ಕಣ್ಣಾರೆ ಮತ್ತೆ ನೋಡುವ ವ್ಯವಸ್ಥೆ ಇಟ್ಟಿರುವುದು ಇದಕ್ಕಾಗಿಯೇ. 'ಆರು ಸಾಲು ತಾನೇ, ಬಿಡಿ' ಎಂದಿದ್ದ ಹುಡುಗನಿಗೆ ಈ ಅಂಕಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಆ ತಂದೆ ಶುಲ್ಕ ಕಟ್ಟಲಿಲ್ಲ. ಸರ ಮನೆಯಲ್ಲೇ ಉಳಿಯಿತು. ಮಗಳಿಗೆ ತಕ್ಷಣ ಕೆಲಸ ಸಿಕ್ಕಿತೆಂದು ಹೇಳಿದರೆ ಸುಳ್ಳಾದೀತು. ಮೊದಲ ಎರಡು ಸಂದರ್ಶನಗಳಲ್ಲಿ ತಂತ್ರಾಂಶಗಳ ಹೆಸರಿನ ಪಟ್ಟಿ ಕೇಳಿ, ಅವಳಿಗೆ ಗೊತ್ತಿಲ್ಲದ್ದು ಬಹಳವೆಂದು ಕಳಿಸಿಬಿಟ್ಟರು. ಮನೆಯಲ್ಲಿ ಆ ಎರಡು ತಿಂಗಳು ಹೇಗಿದ್ದಿರಬಹುದೆಂದು ಪೋಷಕರಿಗೆ ನಾನು ಹೇಳಬೇಕಾಗಿಲ್ಲ. ಮೂರನೆಯ ಕಡೆ ಒಬ್ಬ ಹಿರಿಯರು, "ನಿಮ್ಮ ಉತ್ತರ ಸರಿಯೆಂದು ನಿಮಗೆ ಹೇಗೆ ಗೊತ್ತು?" ಎಂದಷ್ಟೇ ಕೇಳಿದರಂತೆ. ಕಾಣೆಯಾದ ಆರು ಸಾಲುಗಳಿಂದ ಶುರುಮಾಡಿ ಮೂಟೆಯ ಲೆಕ್ಕದವರೆಗೆ ಮುಕ್ಕಾಲು ಗಂಟೆ ಮಾತಾಡಿದಳಂತೆ. ಹೊರವರ್ತುಲ ರಸ್ತೆಯ ಆ ಕಂಪನಿಯಲ್ಲಿ ಪರೀಕ್ಷಾ ವಿಭಾಗಕ್ಕೇ ಅವಳನ್ನು ತೆಗೆದುಕೊಂಡರು.

ಅಂದಿನಿಂದ ಕಾಲ ಓಡಿದೆ. ಹಡೂಪಿನ ಭರಾಟೆ ಇಳಿದು, ಸ್ಮೃತಿಯಲ್ಲೇ ಲೆಕ್ಕ ಮಾಡುವ ಸ್ಪಾರ್ಕ್‌ನಂಥವು ಮುಂದೆ ಬಂದಿವೆ. ಹಳೆ ಯಂತ್ರ ಒರೆಸುವ ಬದಲು ಗಂಟೆ ಲೆಕ್ಕದಲ್ಲಿ ದೂರದ ಯಂತ್ರಗಳನ್ನು ಬಾಡಿಗೆಗೆ ಪಡೆಯುತ್ತಾರೆ. ನಮ್ಮ ಕೆರೆಗಳಲ್ಲಿ ಮೂರು ಗುಜರಿಗೆ ಹೋದವು. ಆದರೆ ಹೊಸ ತಂತ್ರಾಂಶದಲ್ಲೂ ಸರಾಸರಿಗಳ ಸರಾಸರಿ ತೆಗೆದರೆ ತಪ್ಪು ತಪ್ಪೇ. ಅಲ್ಲೂ ಯಂತ್ರಗಳು ನಡುವೆ ಕೈಕೊಡುತ್ತವೆ. ಹೆಸರು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆಂದು ತಿಳಿದರೆ ಹೆಸರಿಗಾಗಿ ಲಕ್ಷ ಸುರಿಯುವ ಮುನ್ನ ಯಾರಾದರೂ ಯೋಚಿಸಿಯಾರು.

ಕಂಪ್ಯೂಟರ್ ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ ಅಪ್ಪ ಅಮ್ಮಂದಿರು ಆ ಶಾಸ್ತ್ರ ಬಾರದೆಯೂ ಕೇಳಬಹುದಾದ ಪ್ರಶ್ನೆಗಳಿವೆ. ಇದೇ ಲೆಕ್ಕವನ್ನು ಒಂದೇ ಯಂತ್ರದಲ್ಲಿ ಮಾಡಿದರೆ ಇದೇ ಉತ್ತರ ಬರುತ್ತದೆಯೇ? ನಡುವೆ ಒಂದು ಯಂತ್ರ ಕೆಟ್ಟರೆ ಏನಾಗುತ್ತದೆ, ನೋಡಿದ್ದೀಯಾ? ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಕೊಟ್ಟು ನೋಡಿದ್ದೀಯಾ? ಇನ್ನು ಶಾಲೆಗೆ ಹೋಗುವ ಮಕ್ಕಳಿದ್ದರೆ, ತರಗತಿಯ ಸರಾಸರಿ ಇಷ್ಟು ಎಂದು ಹೇಳಿಕೊಂಡು ಬಂದ ದಿನ, ಬೈಯುವ ಅಥವಾ ಹೊಗಳುವ ಮೊದಲು ಒಂದು ಮಾತು ಕೇಳಿ ನೋಡಿ: ಎಷ್ಟು ಜನರದ್ದು?